ಎದ್ದುಹೋಗದವನು

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬಂದು, ಚೀಟಿ ಕೊಟ್ಟು, ಬೆಂಚಿನ ಮೇಲೆ ಕೂತ ಒಬ್ಬ ಮನುಷ್ಯನನ್ನು ಸಂಜೆ ನಾಲ್ಕರವರೆಗೆ ಯಾರೂ ಒಳಗೆ ಕರೆಯಲಿಲ್ಲ. ನಾಲ್ಕು ಗಂಟೆ ಐದು ನಿಮಿಷಕ್ಕೆ ಅವನು ಅದೇ ಬೆಂಚಿನ ಮೇಲೆ ಸತ್ತ. ಇಬ್ಬರು ಆಳುಗಳು ಅವನನ್ನು ಸ್ಟ್ರೆಚರಿಗೆ ಹಾಕಿ ಹಿಂದಿನ ಗೇಟಿನ ಕಡೆ ತಳ್ಳಿಕೊಂಡು ಹೋದರು. ಆ ದಿನದ ರಿಜಿಸ್ಟರಿನಲ್ಲಿ ಅವನ ಬಗ್ಗೆ ಎರಡು ಸಾಲುಗಳಿವೆ. ಹತ್ತೂವರೆಗೆ: ಪರೀಕ್ಷೆಗೆ ಮೊದಲೇ ಎದ್ದುಹೋದ. ಐದೂವರೆಗೆ: ಹೊರಗಿನಿಂದ ತಂದ ಶವ, ಗಂಡಸು, ಸುಮಾರು ಮೂವತ್ತು.

ಅವನನ್ನು ಎಲ್ಲರೂ ಜಿಂಕೆ ಎಂದು ಕರೆಯುತ್ತಿದ್ದರು. ಶಾಲೆಯಿಂದ ಓಡಿದವನು, ಗ್ಯಾರೇಜಿನಿಂದ ಓಡಿದವನು, ಅಕ್ಕ ಗೊತ್ತುಮಾಡಿದ್ದ ಹೆಣ್ಣಿನ ಮನೆಗೆ ಮುಂಬಾಗಿಲಿನಿಂದ ಹೋಗಿ ಹಿತ್ತಲ ಬಾಗಿಲಿನಿಂದ ಓಡಿದವನು. ಚಟ ಬಿಡಿಸುವ ಕೇಂದ್ರದ ಗೋಡೆ ಎರಡಾಳೆತ್ತರ ಇತ್ತು. ಅದನ್ನೂ ಹಾರಿ, ಕಾಲು ಉಳುಕಿಸಿಕೊಂಡು, ಕುಂಟುತ್ತಲೇ ಓಡಿದ್ದ. ಹಾಗಾಗಿ ರಿಜಿಸ್ಟರಿನ ಮೊದಲ ಸಾಲನ್ನು ಓದಿದ ಯಾರಿಗೂ ಅನುಮಾನ ಬರಲಿಲ್ಲ. ಅಲ್ಲಿಂದಲೂ ಓಡಿದ ಅಂದುಕೊಂಡರು, ಅಷ್ಟೆ.

ಆ ದಿನ ಅವನು ಓಡಲಿಲ್ಲ ಎನ್ನುವುದು ಗಡಿಯಾರನಿಗೆ ಗೊತ್ತಿತ್ತು. ಅವನು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡಿದ್ದ.

ಗಡಿಯಾರ ಎಂದು ಹೆಸರಿಟ್ಟವರು ಮೇಲ್ಸೇತುವೆಯ ಕೆಳಗಿನವರು. ಆರು ವರ್ಷದ ಹಿಂದೆ ಅವನೂ ಅಲ್ಲಿನವನೇ. ಮೂರನೇ ಕಂಬದ ಬುಡದಲ್ಲಿ, ಅವರ ಪಕ್ಕದಲ್ಲೇ ಮಲಗುತ್ತಿದ್ದ, ಅವರ ಸೂಜಿಯನ್ನೇ ಚುಚ್ಚಿಕೊಳ್ಳುತ್ತಿದ್ದ. ಆಮೇಲೆ ಬಿಟ್ಟ. ಹೇಗೆ ಬಿಟ್ಟೆ ಎಂದು ಕೇಳಿದರೆ ಅವನಿಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಅವನು ಅಷ್ಟಿಷ್ಟು ಹೇಳಿದ್ದನ್ನು ಎತ್ತಿಕೊಂಡು ಹೋಗಿ ವೇದಿಕೆಯ ಮೇಲೆ ಭಾಷಣ ಮಾಡುವವರೇ ಹೆಚ್ಚಾದ್ದರಿಂದ ಹೇಳುವುದನ್ನೂ ಬಿಟ್ಟ. ಎರಡು ವರ್ಷದಿಂದ ವಿಶ್ವವಿದ್ಯಾಲಯದ ಮಾನವಶಾಸ್ತ್ರದ ಮೇಡಂ ಹತ್ತಿರ ಸಹಾಯಕ. ಕೆಲಸ ಇಷ್ಟೇ: ಜನರ ಜೊತೆ ಇರಬೇಕು, ನೋಡಬೇಕು, ನೋಡಿದ್ದನ್ನು ಬರೆಯಬೇಕು. ಪ್ರತಿ ಸಾಲಿನ ಎಡ ಅಂಚಿನಲ್ಲಿ ಗಂಟೆ, ನಿಮಿಷ. ಯಾರು ಕೆಮ್ಮಿದರೂ ಮೊದಲು ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ‘ಲೋ ಗಡಿಯಾರ, ಈಗ ನಾನು ಹೂಸು ಬಿಟ್ಟಿದ್ದು ಎಷ್ಟು ಗಂಟೆಗೆ ಅಂತ ಬರ್ಕೊಂಡ್ಯಾ?’ ಎಂದು ಸೇತುವೆ ಕೆಳಗಿನ ತಾತ ಕೇಳಿದ ದಿನ ಆ ಹೆಸರು ಅಂಟಿತು, ಮತ್ತೆ ಬಿಡಲಿಲ್ಲ.

ಸೂಜಿಯವರು ಕೈಕಾಲು ಕೊಳೆಯುವವರೆಗೂ ಆಸ್ಪತ್ರೆಗೆ ಯಾಕೆ ಬರುವುದಿಲ್ಲ ಎನ್ನುವುದು ಸಂಶೋಧನೆಯ ಪ್ರಶ್ನೆ. ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿತ್ತು: ಅವರಿಗೆ ಜೀವದ ಮೇಲೆ ಆಸೆ ಇಲ್ಲ. ಮೇಡಂ ಮಾತ್ರ ಅದನ್ನು ನಂಬಲಿಲ್ಲ. ನಂಬದೆ, ಹೊರರೋಗಿ ವಿಭಾಗದ ಬೆಂಚಿನ ಮೇಲೆ ದಿನಗಟ್ಟಲೆ ತಾನೂ ಕೂತು, ಗಡಿಯಾರನನ್ನೂ ಕೂರಿಸಿದಳು. ಆಗ ಚುಕ್ಕೆ ಕಣ್ಣಿಗೆ ಬಿತ್ತು. ಕಿಟಕಿಯಲ್ಲಿ ಕೂತು ಚೀಟಿ ತೆಗೆದುಕೊಳ್ಳುವ ಗುಮಾಸ್ತ, ತೋಳಿನ ಮೇಲೆ ಸೂಜಿಯ ಗುರುತು ಇದ್ದವರ ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದ. ಚುಕ್ಕೆಯ ಚೀಟಿ ಕಟ್ಟಿನ ಅಡಿಗೆ ಹೋಗುತ್ತಿತ್ತು. ಹೊಸ ಚೀಟಿಗಳೆಲ್ಲ ಅದರ ಮೇಲೆ ಬೀಳುತ್ತಿದ್ದವು. ಹಾಗೆ ಮಾಡು ಎಂದು ಯಾರೂ ಅವನಿಗೆ ಬರೆದು ಕೊಟ್ಟಿರಲಿಲ್ಲ; ಅವನಿಗೆ ಮುಂಚೆ ಅಲ್ಲಿ ಕೂತಿದ್ದವನೂ ಹಾಗೇ ಮಾಡುತ್ತಿದ್ದನಂತೆ. ಚುಕ್ಕೆ ಇಲ್ಲದವರು ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ ಕಾಯುತ್ತಿದ್ದರು. ಚುಕ್ಕೆಯವರು ಐದು ಗಂಟೆ. ಅದೂ ಕೊನೆಯವರೆಗೆ ಕೂತವರ ಮಾತು. ಸೂಜಿಯ ಹೊತ್ತು ಮೀರಿದರೆ ಮೈ ಹಿಂಡಲು ಶುರುವಾಗುತ್ತದೆ, ಬೆವರು, ನಡುಕ, ಭೇದಿ. ಮುಕ್ಕಾಲು ಪಾಲು ಜನ ಅಷ್ಟರಲ್ಲಿ ಎದ್ದುಹೋಗುತ್ತಿದ್ದರು. ರಿಜಿಸ್ಟರಿನಲ್ಲಿ ಆ ಸಾಲನ್ನು ಬರೆದು ಬರೆದು ಗುಮಾಸ್ತನ ಕೈ ಎಷ್ಟು ಪಳಗಿತ್ತೆಂದರೆ, ಎದ್ದುಹೋಗದವನ ಮುಂದೂ ಅದನ್ನೇ ಬರೆಯಿತು.

ಬರೆಯಲು ಗಡಿಯಾರನ ಹತ್ತಿರ ಎರಡು ಪುಸ್ತಕಗಳಿದ್ದವು. ಜೇಬಿನಲ್ಲಿ ರಫ್ ಪುಸ್ತಕ. ಅದರಲ್ಲಿ ಕಂಡದ್ದು ಕಂಡ ಹಾಗೆ, ಜನರ ನಿಜವಾದ ಹೆಸರಿನ ಸಮೇತ. ಸಂಜೆ ಆಫೀಸಿಗೆ ಹೋಗಿ ಅದನ್ನು ಫೇರ್ ಪುಸ್ತಕಕ್ಕೆ ಇಳಿಸಬೇಕು. ಇಳಿಸುವಾಗ ಹೆಸರು ತೆಗೆದು ನಂಬರು ಹಾಕಬೇಕು. ಯಾವ ನಂಬರು ಯಾರದ್ದು ಎಂಬ ಪಟ್ಟಿ ರಫ್ ಪುಸ್ತಕದ ಕೊನೆಯ ಹಾಳೆಯಲ್ಲಿ ಮಾತ್ರ. ತಿಂಗಳ ಕೊನೆಯ ದಿನ ಮೇಡಂ ಎದುರಿಗೆ ರಫ್ ಪುಸ್ತಕವನ್ನು ಕಾಗದ ಕತ್ತರಿಸುವ ಯಂತ್ರಕ್ಕೆ ಹಾಕಿ ಇಬ್ಬರೂ ಸಹಿ ಮಾಡಬೇಕು. ಪೊಲೀಸರು ಯಾವತ್ತಾದರೂ ಬಾಗಿಲು ಬಡಿದರೆ ಅವರ ಕೈಗೆ ಬರೀ ನಂಬರು ಸಿಗಲಿ ಎಂದು. ಈ ನಿಯಮ ಮಾಡಿಸಿದವನು ಗಡಿಯಾರನೇ. ಕೆಲಸಕ್ಕೆ ಸೇರಿದ ಮೊದಲ ವಾರ, ಆ ಯಂತ್ರ ಬರುವವರೆಗೆ ಒಬ್ಬರ ಹೆಸರನ್ನೂ ಬರೆಯುವುದಿಲ್ಲ ಎಂದು ಹಟ ಹಿಡಿದು ಕೂತಿದ್ದ.

ಇನ್ನೊಂದು ನಿಯಮ ಮೇಡಂದು. ಆಸ್ಪತ್ರೆಯೊಳಗೆ ಕೂತಾಗ ನಡುವೆ ಕೈ ಹಾಕಬಾರದು. ಇವನನ್ನು ಮೊದಲು ಕರೆಯಿರಿ ಎಂದು ಕಿಟಕಿಯ ಹತ್ತಿರ ಹೋಗಿ ಹೇಳಿದರೆ ಕಾಯುವ ಹೊತ್ತಿನ ಲೆಕ್ಕ ಕೆಡುತ್ತದೆ. ಅಲ್ಲಿ ಕೂರಲು ಆಸ್ಪತ್ರೆಯವರು ಕೊಟ್ಟ ಅನುಮತಿಯಲ್ಲೂ ಅದೇ ಷರತ್ತು ಇತ್ತು.

ಜಿಂಕೆ ಸತ್ತ ಹತ್ತು ದಿನಗಳ ಮೇಲೆ ತಾತ ಒಂದು ಮಾತು ಹೇಳಿದ. ಮಣ್ಣು ಮಾಡುವಾಗ ಅವನ ಅಕ್ಕ ಅಳಲಿಲ್ಲವಂತೆ, ಬೈದಳಂತೆ. ಗಡಿಯಾರ ಅದನ್ನೂ ಗಂಟೆ ಹಾಕಿ ಬರೆದುಕೊಂಡ. ಬರೆದ ಮೇಲೆ ಅವನಿಗೆ ಆ ಸಂಜೆ ಬೇರೇನೂ ಬರೆಯಲಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅವಳು ಕೆಲಸ ಮಾಡುವ ಬಟ್ಟೆ ಕಾರ್ಖಾನೆಯ ಗೇಟಿಗೆ ಹೋದ. ಅಂಗಿಗಳಿಗೆ ಗುಂಡಿ ಹಾಕುವ ಕೆಲಸ ಅವಳದು. ಊಟಕ್ಕೆ ಅರ್ಧ ಗಂಟೆ ಬಿಡುತ್ತಿದ್ದರು. ಕಾಂಪೌಂಡಿನ ನೆರಳಲ್ಲಿ ನಿಂತೇ ಬ್ರೆಡ್ ತಿನ್ನುತ್ತಿದ್ದಳು. ದಿನವಿಡೀ ಕೂತವರಿಗೆ ನಿಲ್ಲುವುದೇ ವಿಶ್ರಾಂತಿ. ತಲೆಗೂದಲಿನಲ್ಲಿ ನೀಲಿ ದಾರದ ಚೂರುಗಳು ಸಿಕ್ಕಿಕೊಂಡಿದ್ದವು. ಯಾರು ಎಂದು ಹೇಳಿಕೊಂಡ ಕೂಡಲೇ ಗುರುತು ಹಿಡಿದಳು. ತಮ್ಮ ಹೇಳುತ್ತಿದ್ದನಂತೆ, ಒಬ್ಬ ಇದ್ದಾನೆ, ಸುಮ್ಮನೆ ಪಕ್ಕದಲ್ಲಿ ಕೂತು ಬರೆಯುತ್ತಾನೆ, ಬುದ್ಧಿ ಹೇಳುವುದಿಲ್ಲ ಎಂದು.

ಆ ದಿನದ ಕತೆಯನ್ನು ಅವಳೇ ತೆಗೆದಳು. ಕಾಲು ಕುಂಬಳದ ಹಾಗೆ ಊದಿತ್ತು. ಹೆಚ್ಚುಕಡಿಮೆ ಹೊತ್ತುಕೊಂಡೇ ಬಂದು, ಚೀಟಿ ಕೊಡಿಸಿ, ಕೂರಿಸಿದ್ದಳು. ಅರ್ಧ ದಿನ ರಜೆ ಕೇಳಿದ್ದಕ್ಕೆ ಸೂಪರ್‌ವೈಸರ್ ಪೂರ್ತಿ ರಜೆಯನ್ನೇ ಕೊಡುತ್ತೇನೆ, ನಾಳೆಯಿಂದ ಬರಲೇಬೇಡ ಅಂದಿದ್ದ. ಕರೆಯುವವರೆಗೂ ಏಳಬೇಡ, ನನ್ನಾಣೆ ಎಂದು ತಮ್ಮನಿಗೆ ಹೇಳಿದ್ದಳು. ನಿನ್ನಾಣೆ ಏಳಲ್ಲ ಎಂದಿದ್ದ.

‘ಎರಡೂವರೆ ಗಂಟೆನೂ ಕೂರಲಿಲ್ಲ ನೋಡಿ,’ ಅಂದಳು. ‘ರಿಜಿಸ್ಟರಲ್ಲಿ ತೋರ್ಸಿದ್ರು. ಹತ್ತೂವರೆಗೇ ಎದ್ದುಹೋದ ಅಂತ. ಇಪ್ಪತ್ತು ವರ್ಷ ಓಡ್ದ, ನಾನು ಹಿಂದೆ ಹಿಂದೆ ಓಡ್ದೆ. ಆಣೆ ಇಟ್ಟು ಕೂರ್ಸಿದ್ರೂ ಓಡ್ದ. ಹೆಣದ ಮುಂದೆ ನಿಂತು ಬೈದೆ ಅವನನ್ನ. ಸತ್ತೋನಿಗೆ ಬೈಬಾರ್ದು ಅಂದ್ರು ಪಕ್ಕದ ಮನೆಯೋರು. ಬೈದೆ.’

ಗಡಿಯಾರ ಜೇಬಿನಿಂದ ಪುಸ್ತಕ ತೆಗೆದ. ನಿಯಮದ ಪ್ರಕಾರ ಅದನ್ನು ಯಾರ ಮುಂದೂ ತೆರೆಯುವಂತಿರಲಿಲ್ಲ. ಆ ದಿನದ ಹಾಳೆ ಹುಡುಕಿ ಓದಿದ.

‘8:10. ಅಕ್ಕ ಕೂರಿಸಿ ಹೋದಳು. ಎಡಗಾಲು ಮೊಣಕಾಲಿನವರೆಗೆ ಊದಿದೆ. ಚೀಟಿಗೆ ಚುಕ್ಕೆ ಬಿತ್ತು.

‘9:45. ಇವನ ನಂತರ ಬಂದ ಹನ್ನೊಂದು ಜನ ಒಳಗೆ ಹೋಗಿ ಬಂದರು.

‘10:30. ನಡುಕ ಶುರು. ಬೆಂಚಿನ ಅಂಚು ಹಿಡಿದುಕೊಂಡಿದ್ದಾನೆ. ಹೋಗ್ತೀಯಾ ಎಂದು ಕೇಳಿದೆ. ಅಕ್ಕ ಬೈತಾಳೆ ಅಂದ.

‘12:15. ವಾಂತಿ. ನೆಲ ಒರೆಸುವವಳು ಕಾಲೆತ್ತು ಅಂದಳು. ಎತ್ತಲಾಗಲಿಲ್ಲ. ಅವಳೇ ಎತ್ತಿ ಒರೆಸಿದಳು.

‘1:40. ಟೈಮೆಷ್ಟು ಎಂದು ಕೇಳಿದ. ಹೇಳಿದೆ. ಇಷ್ಟೊತ್ತು ಒಂದೇ ಕಡೆ ಕೂತಿದ್ದು ಹುಟ್ಟಿದ ಮೇಲೆ ಇದೇ ಮೊದಲು, ಅಕ್ಕನಿಗೆ ಹೇಳು ಅಂದ. ನಕ್ಕ.

‘2:55. ಮಾತು ತೊದಲುತ್ತಿದೆ. ತುಟಿ ನೀಲಿ. ನಾನು ಎದ್ದೆ. ಮತ್ತೆ ಕೂತೆ.

‘3:30. ಕಣ್ಣು ಮುಚ್ಚಿದ್ದಾನೆ. ಉಸಿರಾಟ ಜೋರು. ಕೈ ಇನ್ನೂ ಬೆಂಚಿನ ಅಂಚಿನಲ್ಲೇ ಇದೆ.

‘4:05. ಉಸಿರಿಲ್ಲ.’

ಅವಳ ಕೈಯಲ್ಲಿ ಕಚ್ಚಿದ ಬ್ರೆಡ್ಡು ಹಾಗೇ ಇತ್ತು. ಒಂದು ಲಾರಿ ಗೇಟಿನೊಳಗೆ ಹೋಯಿತು. ಕಾವಲುಗಾರ ಗೇಟು ಹಾಕಿದ. ಒಂದು ನಲವತ್ತರದ್ದನ್ನು ಇನ್ನೊಂದು ಸಲ ಓದಿ ಅಂದಳು. ಓದಿದ. ಆಮೇಲೆ ಅದರ ಮುಂದಿನದ್ದು ಅಂದಳು. ಅದನ್ನೂ ಓದಿದ.

‘ಎದ್ದು ಎಲ್ಲಿಗೆ ಹೊರಟಿದ್ದೆ?’ ಎಂದು ಕೇಳಿದಳು. ನೀವು ಹೋಗಿ ನೀನು ಆಗಿತ್ತು.

‘ಚೀಟಿಯವನ ಹತ್ರ.’

‘ಮತ್ಯಾಕೆ ಕೂತೆ?’

ನಿಯಮ, ಅನುಮತಿ, ಲೆಕ್ಕ ಕೆಡುತ್ತದೆ ಎಂಬ ಮಾತುಗಳು ಅವನ ನಾಲಿಗೆಯ ತುದಿಯಲ್ಲೇ ಇದ್ದವು. ಹನ್ನೊಂದು ದಿನದಿಂದ ತನಗೆ ತಾನೇ ಅವನ್ನು ಹೇಳಿಕೊಂಡು ಸವೆಸಿದ್ದ.

‘ಕೆಲಸ ಹೋಗುತ್ತೆ ಅಂತ,’ ಅಂದ.

ಅವಳು ಹೊಡೆಯಬಹುದು ಅಂದುಕೊಂಡಿದ್ದ. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕಾರ್ಖಾನೆಯ ಗೇಟಿನ ಕಡೆ ಗದ್ದ ಆಡಿಸಿ, ‘ನಾನೂ ಅದಕ್ಕೇ ಹೋದೆ. ಎಂಟೂಕಾಲಿಗೆ,’ ಅಂದಳು.

ಗಂಟೆ ಹೊಡೆಯಿತು. ಒಳಗೆ ಹೋಗುವ ಮುಂಚೆ ಬ್ರೆಡ್ಡನ್ನು ಕಾಗದಕ್ಕೆ ಸುತ್ತಿ ಅವಳು ಹೇಳಿದ್ದು ಇಷ್ಟು: ಆ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು. ಅವಳು ಅರ್ಜಿ ಹಾಕುತ್ತಾಳೆ. ಎದ್ದುಹೋದ ಎಂದು ಬರೆದದ್ದನ್ನು ಹೊಡೆದುಹಾಕಿ, ಕೂತಿದ್ದ ಎಂದು ಬರೆಯಬೇಕು.

‘ನನಗೆ ಬೇರೇನೂ ಬೇಡ,’ ಅಂದಳು. ‘ಅವನು ಒಂದು ಕೆಲಸ ಪೂರ್ತಿ ಮಾಡಿದಾನೆ. ಅದನ್ನ ಬರೀಲಿ.’

ಅರ್ಜಿ ಹೋಯಿತು. ಮುಂದಿನ ತಿಂಗಳ ಎರಡನೇ ತಾರೀಕು ವಿಚಾರಣೆ, ಸಾಕ್ಷ್ಯವಿದ್ದರೆ ತರುವುದು ಎಂದು ಆಸ್ಪತ್ರೆಯಿಂದ ಉತ್ತರ ಬಂತು. ಉತ್ತರ ಬಂದ ದಿನವೇ ಆಸ್ಪತ್ರೆಯ ಸೂಪರಿಂಟೆಂಡೆಂಟರು ಮೇಡಂಗೆ ಫೋನ್ ಮಾಡಿದರು.

ಮೇಡಂ ಕೋಣೆಯಲ್ಲಿ ಕುರ್ಚಿಗಳ ಮೇಲೂ ಫೈಲುಗಳಿದ್ದವು. ಕುತ್ತಿಗೆ ನೋವಿಗೆ ಪಟ್ಟಿ ಕಟ್ಟಿಕೊಂಡು, ಟೀ ಆರಿಸಿಕೊಂಡು ಕೂತಿದ್ದಳು. ಇಪ್ಪತ್ತು ವರ್ಷದಿಂದ ಬಡವರ ಕಾಯಿಲೆಗಳ ಬಗ್ಗೆ ಬರೆಯುತ್ತಾ ಬಂದವಳು. ಅವಳು ಬರೆದದ್ದನ್ನು ಓದಿ ಬಡವರ ಕಾಯಿಲೆ ಒಂದೂ ವಾಸಿಯಾಗಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಫೋನಿನಲ್ಲಿ ಏನಾಯಿತು ಎಂದು ಮುಚ್ಚುಮರೆ ಮಾಡದೆ ಹೇಳಿದಳು. ಸೂಪರಿಂಟೆಂಡೆಂಟರು ದಬಾಯಿಸಲಿಲ್ಲ. ಅವಳ ತಾಯಿಯ ಆರೋಗ್ಯ ವಿಚಾರಿಸಿದರು. ಸಂಶೋಧನೆಯ ಅನುಮತಿ ಮುಂದುವರಿಸುವ ಫೈಲು ತಮ್ಮ ಮೇಜಿನ ಮೇಲೇ ಇದೆ ಅಂದರು. ಕೊನೆಗೆ, ಆ ದಿನದ ಬಗ್ಗೆ ನಿಮ್ಮವರ ಹತ್ತಿರ ಏನಾದರೂ ಕಾಗದ ಇದೆಯೋ ಎಂದು ಕೇಳಿದರು. ಫೇರ್ ಪುಸ್ತಕದಲ್ಲಿ ಬರೀ ನಂಬರು, ಹದಿನೇಳನೇ ನಂಬರಿನವನು ಎಂಟು ಹತ್ತರಿಂದ ನಾಲ್ಕರವರೆಗೆ ಕೂತಿದ್ದ ಎಂದಿದೆ, ಹದಿನೇಳು ಯಾರೆಂದು ಹೇಳುವ ರಫ್ ಪುಸ್ತಕ ತಿಂಗಳ ಕೊನೆಗೆ ನಾಶವಾಗುತ್ತದೆ ಎಂದು ಇವಳು ಇದ್ದದ್ದನ್ನೇ ಹೇಳಿದಳು. ಹಾಗಾದರೆ ನಿಮ್ಮ ನಿಯಮ ನೀವು ಪಾಲಿಸಿ, ನಾಶವಾಯಿತು ಎಂದು ಇಬ್ಬರೂ ಸಹಿ ಮಾಡಿದ ಹಾಳೆಯ ನಕಲು ಆ ದಿನ ಐದು ಗಂಟೆಯೊಳಗೆ ನನಗೆ ಕಳಿಸಿ ಎಂದು ಅವರು ಫೋನ್ ಇಟ್ಟರು.

ಗಡಿಯಾರ ಗೋಡೆಯ ಕ್ಯಾಲೆಂಡರ್ ನೋಡಿದ. ಮೂರು ದಿನ ಉಳಿದಿತ್ತು.

‘ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ,’ ಅಂದಳು ಮೇಡಂ. ‘ನಾನು ಬರೀತಿರೋ ಪುಸ್ತಕ ಬಂದ್ಮೇಲೆ ಆ ಚುಕ್ಕೆನೇ ಹೋಗುತ್ತೆ ಕಣೋ. ಇನ್ನೂರು ಜನ ಬಾಯಿಬಿಟ್ಟು ಮಾತಾಡಿದಾರೆ. ಈಗ ಅನುಮತಿ ಕಳ್ಕೊಂಡ್ರೆ ಅದೆಲ್ಲ ನೀರಲ್ಲಿ ಹೋಮ. ಒಬ್ಬ ಜಿಂಕೆಗೋಸ್ಕರ ಇನ್ನೂರು ಜಿಂಕೆಗಳನ್ನ ಬಿಡೋದಾ?’

ಇನ್ನೂರು ಜಿಂಕೆಗಳು ಅವಳ ಪುಸ್ತಕ ಬರುವವರೆಗೆ ಸಾಯದೆ ಕಾಯಬೇಕಲ್ಲ ಎಂದು ಅವನಿಗೆ ಅನ್ನಿಸಿತು, ಅನ್ನಲಿಲ್ಲ. ಅವಳು ಕೆಟ್ಟವಳಾಗಿದ್ದರೆ ಅನ್ನುವುದು ಸುಲಭವಾಗುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಎರಡು ಸಲ ಜಾರಿ ಮತ್ತೆ ಸೂಜಿ ಹಿಡಿದಾಗ, ಹಾಜರಿಯಲ್ಲಿ ಜ್ವರ ಎಂದು ಬರೆದು ಕಾದವಳು ಅವಳು.

‘ಇನ್ನೊಂದು,’ ಅಂದಳು, ಈ ಸಲ ಮೆಲ್ಲಗೆ. ‘ಆ ಪುಸ್ತಕದಲ್ಲಿ ಇರೋದು ಅವನೊಬ್ಬನ ಹೆಸರಲ್ಲ. ಇನ್ನೂ ಎಂಟು ಜನ ಇದಾರೆ. ವಿಚಾರಣೆ ಮೇಜಿನ ಮೇಲೆ ಪುಸ್ತಕ ಬಿದ್ರೆ ಆ ಎಂಟೂ ಹೆಸರು ಬೀಳುತ್ತೆ. ಒಂದು ಹಾಳೆ ಹರ್ಕೊಂಡು ಹೋದ್ರೆ ಮನೇಲಿ ಕೂತು ಬರ್ದಿದ್ದು ಅಂತಾರೆ. ಈ ಯಂತ್ರ ತರ್ಸಿದ್ದು ನೀನು, ನಾನಲ್ಲ.’

ಗಡಿಯಾರ ಎದ್ದು ಹೊರಬಂದ. ಮೆಟ್ಟಿಲು ಇಳಿಯುವಾಗ ಆ ಮಾತು ಅಂಗಾಲಿಗೆ ಹೊಕ್ಕ ಮುಳ್ಳಿನ ಹಾಗೆ ಪ್ರತಿ ಹೆಜ್ಜೆಗೂ ಚುಚ್ಚುತ್ತಿತ್ತು. ಕೊನೆಯ ಮೆಟ್ಟಿಲಿಗೆ ಬಂದಾಗ, ಎಂಟು ಜನರನ್ನೇ ಕೇಳಬೇಕು ಎಂದು ಹೊಳೆಯಿತು.

ಮೇಲ್ಸೇತುವೆಯ ಕೆಳಗೆ ಐದು ಜನ ಸಿಕ್ಕರು. ಮಡಿಸಿದ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದ: ಈ ಪುಸ್ತಕ ಕೊಟ್ಟರೆ ಜಿಂಕೆ ಓಡಲಿಲ್ಲ ಎಂದು ಗೊತ್ತಾಗುತ್ತದೆ, ಜೊತೆಗೆ ನೀವು ಏನು ಚುಚ್ಚಿಕೊಳ್ಳುತ್ತೀರಿ, ಎಲ್ಲಿ ಎನ್ನುವುದೂ ಗೊತ್ತಾಗುತ್ತದೆ. ಬೇಡ ಅಂದವರ ಹೆಸರನ್ನು ನಿಮ್ಮ ಕಣ್ಣೆದುರೇ ಅಳಿಸುತ್ತೇನೆ.

ತಾತನಿಗೆ ವಯಸ್ಸು ನಲವತ್ತಾರು. ಹಲ್ಲು ಹೋಗಿ ತಾತ ಆದವನು. ‘ಯಾವ ಕಾರ್ಡಲ್ಲೂ ನನ್ನ ಹೆಸರಿಲ್ಲ ಕಣೋ,’ ಅಂದ. ‘ನಿನ್ನ ಪುಸ್ತಕದಲ್ಲಾದ್ರೂ ಇರ್ಲಿ ಬಿಡು. ಹೂಸಿಂದು ಬರ್ದಿದ್ರೆ ಅದನ್ನ ಮಾತ್ರ ಹೊಡ್ದಾಕು. ವಿಚಾರಣೇಲಿ ಓದಿದ್ರೆ ಮರ್ಯಾದೆ ಹೋಗುತ್ತೆ.’

ಎಲ್ಲರೂ ನಕ್ಕರು, ಒಬ್ಬಳನ್ನು ಬಿಟ್ಟು. ಅವಳಿಗೆ ರೇಡಿಯೋ ಎಂದು ಹೆಸರು. ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚದವಳು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

‘ನೀನು ಅಲ್ಲೇ ಕೂತಿದ್ಯಲ್ಲ,’ ಅಂದಳು. ‘ಆ ಚೀಟಿಯವನಿಗೆ ನಾವು ಮನುಷ್ಯರಲ್ಲ, ಸರಿ. ನೀನು ನಮ್ಮವನು. ಟೈಮ್ ಬರ್ಕೊಂಡು ಕೂತಿದ್ಯಲ್ಲೋ.’

‘ಹೌದು,’ ಅಂದ ಗಡಿಯಾರ.

‘ಅದನ್ನೂ ಬರ್ದಿದೀಯಾ?’

‘ಬರ್ದಿದೀನಿ.’

ಪುಸ್ತಕ ಕಿತ್ತುಕೊಂಡು, ತೋರಿಸು ಅಂದಳು. ತೋರಿಸಿದ. ಓದು ಬಾರದಿದ್ದರೂ ಆ ಸಾಲಿನ ಮೇಲೆ ಬೆರಳು ಇಟ್ಟು ಬಹಳ ಹೊತ್ತು ನೋಡಿದಳು. ಪೆನ್ನು ಕೊಡು ಅಂದು, ತನ್ನ ಹೆಸರಿನ ಪಕ್ಕ, ಬರುವ ಒಂದೇ ಅಕ್ಷರವನ್ನು ದಪ್ಪಗೆ ಬರೆದಳು. ಉಳಿದವರೂ ಸಹಿ ಮಾಡಿದರು. ಬಾರದವರು ಹೆಬ್ಬೆರಳಿಗೆ ಪೆನ್ನಿನ ಶಾಯಿ ಬಳಿದುಕೊಂಡು ಒತ್ತಿದರು.

ಮತ್ತಿಬ್ಬರು ರೈಲ್ವೆ ಗೋದಾಮಿನ ಹಿಂದೆ ಇದ್ದರು. ಒಬ್ಬ ಕೂಡಲೇ ಒಪ್ಪಿದ. ಇನ್ನೊಬ್ಬ ಆಗಷ್ಟೇ ಚುಚ್ಚಿಕೊಂಡು ಗೋಡೆಗೆ ಒರಗಿದ್ದ. ಏನು ಕೇಳಿದರೂ ಹೂಂ ಅನ್ನುತ್ತಿದ್ದ. ಮತ್ತಿನಲ್ಲಿದ್ದವನ ಒಪ್ಪಿಗೆ ಒಪ್ಪಿಗೆಯಲ್ಲ. ಇದೂ ಮೇಡಂ ಕಲಿಸಿದ್ದೇ. ಗಡಿಯಾರ ಪಕ್ಕದಲ್ಲಿ ಕೂತು ಮೂರು ಗಂಟೆ ಕಾದ. ಒಂದೊಂದು ಗೂಡ್ಸ್ ಗಾಡಿ ಹೋದಾಗಲೂ ಅವನ ಉಸಿರಿನ ಕಡೆ ಕಿವಿ ಇಟ್ಟು, ಅದು ಸಿಕ್ಕಿದ ಮೇಲೆ ಒರಗುತ್ತಿದ್ದ. ಎಚ್ಚರವಾದವನು ಎಲ್ಲವನ್ನೂ ಕೇಳಿಸಿಕೊಂಡು, ಸ್ವಲ್ಪ ಯೋಚಿಸಿ, ಹೂಂ ಎಂದೇ ಅಂದ.

ಎಂಟನೆಯವರು ಮೇಷ್ಟ್ರು. ಒಂದು ಕಾಲದಲ್ಲಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಈಗ ಮುಚ್ಚಿದ ಸಿನಿಮಾ ಮಂದಿರದ ಮೆಟ್ಟಿಲ ಮೇಲೆ ಕೂತು ವಾಹನಗಳ ನಂಬರ್ ಪ್ಲೇಟ್ ಬರೆಯುತ್ತಾರೆ. ದಿನಕ್ಕೆ ಎರಡು ಸಲ ಆ ಮಂದಿರದ ಹಿಂದೆ ಹೋಗಿ ಬರುತ್ತಾರೆ. ಗಡಿಯಾರ ಹೇಳಿದ್ದನ್ನೆಲ್ಲ ಕುಂಚ ಅದ್ದುತ್ತಲೇ ಕೇಳಿದರು.

‘ನನ್ನ ಮಗಳು ಇದೇ ಊರಲ್ಲಿ ಟೀಚರ್ ಆಗಿದಾಳೆ ಕಣಪ್ಪ,’ ಅಂದರು. ‘ನನ್ನದು ಬೇಡ. ಆ ಹುಡುಗನ ಮೇಲೆ ಸಿಟ್ಟಿಲ್ಲ.’

ಬೇಡ ಎಂದರೆ ಬೇಡ, ವಿವರಣೆ ಬೇಕಿಲ್ಲ ಎಂದು ಗಡಿಯಾರ ಪೆನ್ನು ತೆಗೆದ. ಮೇಷ್ಟ್ರು ತಡೆದರು. ಪೆನ್ನಿನಿಂದ ಗೀಚಿದರೆ ಬೆಳಕಿಗೆ ಹಿಡಿದು ಓದಿಬಿಡುತ್ತಾರೆ ಎಂದು, ತಮ್ಮ ಹೆಸರು ಇದ್ದ ಕಡೆಯೆಲ್ಲ ತಾವೇ ಕಪ್ಪು ಬಣ್ಣ ಬಳಿದರು. ನಾಲ್ಕೂ ಮೂಲೆ ನೇರವಾದ ಪುಟ್ಟ ಪುಟ್ಟ ಆಯತಗಳು. ಒಂದರ ಅಂಚೂ ಪಕ್ಕದ ಅಕ್ಷರಕ್ಕೆ ತಾಗಿರಲಿಲ್ಲ. ಒಣಗುವವರೆಗೆ ಮುಚ್ಚಬೇಡ ಎಂದು ಪುಸ್ತಕವನ್ನು ನಂಬರ್ ಪ್ಲೇಟುಗಳ ಸಾಲಿನಲ್ಲೇ ಬಿಸಿಲಿಗೆ ಇಟ್ಟರು.

ತಿಂಗಳ ಕೊನೆಯ ದಿನ ನಾಲ್ಕು ಗಂಟೆಗೆ ಗಡಿಯಾರ ಮೇಡಂ ಕೋಣೆಗೆ ಹೋದ. ಫೈಲು ಸರಿಸಿ ಒಂದು ಕುರ್ಚಿ ಖಾಲಿ ಮಾಡಿದ್ದಳು. ಸಹಿಯ ಹಾಳೆ ಮೇಜಿನ ಮೇಲಿತ್ತು, ಅವಳ ಸಹಿ ಆಗಲೇ ಬಿದ್ದಿತ್ತು. ಕಿಟಕಿಯ ಕೆಳಗೆ ಯಂತ್ರದ ಹಸಿರು ದೀಪ ಉರಿಯುತ್ತಿತ್ತು. ಇಪ್ಪತ್ತಮೂರು ತಿಂಗಳು ಇಪ್ಪತ್ತಮೂರು ಪುಸ್ತಕಗಳನ್ನು ಅವನು ಅದರ ಬಾಯಿಗೆ ತನ್ನ ಕೈಯಾರೆ ಹಾಕಿದ್ದ. ಪ್ರತಿ ಸಲವೂ ಆ ಕರಕರ ಸದ್ದು ಕೇಳಿ ಇನ್ನೊಂದು ತಿಂಗಳು ಇವರೆಲ್ಲ ಉಳಿದರು ಎಂದು ನೆಮ್ಮದಿಯಾಗುತ್ತಿತ್ತು.

ಹಾಕು ಎಂದು ಮೇಡಂ ಯಂತ್ರದ ಕಡೆ ಕೈ ತೋರಿದಳು. ಅವನು ಪುಸ್ತಕವನ್ನು ತೆರೆದು ಅವಳ ಮುಂದೆ ಹಿಡಿದ. ಅವಳು ಕನ್ನಡಕ ಹಾಕಿಕೊಂಡು ಸಹಿಗಳನ್ನು, ಹೆಬ್ಬೆಟ್ಟುಗಳನ್ನು, ರೇಡಿಯೋಳ ಒಂದೇ ಅಕ್ಷರವನ್ನು, ಕಪ್ಪು ಆಯತಗಳನ್ನು ಒಂದೊಂದಾಗಿ ನೋಡಿದಳು. ಯಾರು ಎಚ್ಚರದಲ್ಲಿದ್ದರು, ಯಾರಿಗೆ ಕಾದೆ ಎಂದು ಕೇಳಿದಳು. ಹೇಳಿದ. ಕೆಲಸ ಸರಿಯಾಗಿ ಮಾಡಿದ್ದೀಯ ಅಂದಳು, ತರಗತಿಯಲ್ಲಿ ಹೇಳುವ ಹಾಗೆ. ಆಮೇಲೆ ಹಾಳೆ ತಿರುವಿ ಜಿಂಕೆಯ ದಿನಕ್ಕೆ ಬಂದಳು. ಎರಡು ಐವತ್ತೈದರ ಸಾಲು ಫೇರ್ ಪುಸ್ತಕದಲ್ಲಿ ಇರಲಿಲ್ಲ. ಅಲ್ಲಿ ‘ನಾನು’ ಎಂದು ಬರೆಯುವ ರೂಢಿಯಿಲ್ಲ. ಅವಳು ಅದನ್ನು ಓದಿದ್ದು ಅದೇ ಮೊದಲು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು.

‘ಇದು ಹೊರಗೆ ಹೋದ್ರೆ ಮೊದಲು ಕೇಳೋದು ನಿಮ್ಮನ್ನೇ,’ ಅಂದಳು. ಎರಡು ವರ್ಷದಲ್ಲಿ ಮೊದಲ ಸಲ ಬಹುವಚನ. ‘ಯಾಕೆ ಯಾರನ್ನೂ ಕರೀಲಿಲ್ಲ ಅಂತ. ಆಮೇಲೆ ನನ್ನನ್ನ. ಚೀಟಿಯವನು ಮೂರನೆಯವನು.’

‘ಗೊತ್ತು ಮೇಡಂ. ಅವನ ಅಕ್ಕ ಆಗ್ಲೇ ಕೇಳಿದಾಳೆ.’

‘ಈ ಪುಸ್ತಕ ಸಂಶೋಧನೆದು. ನಿಮ್ಮದಲ್ಲ, ಆ ಎಂಟು ಜನರದ್ದೂ ಅಲ್ಲ. ಅದನ್ನ ಯಂತ್ರಕ್ಕೆ ಹಾಕಿ. ಆದೇಶ ಅಂತಲೇ ತಿಳ್ಕೊಳ್ಳಿ.’

ಅವನು ಪುಸ್ತಕ ಮುಚ್ಚಿದ. ಯಂತ್ರದ ಕಡೆ ಹೋಗದೆ, ಖಾಲಿ ಕುರ್ಚಿಯಲ್ಲಿ ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಅದರ ಅಂಚು ಹಿಡಿದುಕೊಂಡ. ಬಹಳ ದಣಿದಿದ್ದ. ಆ ಬೆಂಚಿನಿಂದ ಎದ್ದ ದಿನದಿಂದ ಸರಿಯಾಗಿ ಎಲ್ಲೂ ಕೂತಿರಲಿಲ್ಲ ಎಂದು ಆಗ ಗೊತ್ತಾಯಿತು.

ಮೇಡಂ ಗೋಡೆಯ ಗಡಿಯಾರ ನೋಡಿದಳು. ಐದಕ್ಕೆ ಇನ್ನು ಇಪ್ಪತ್ತು ನಿಮಿಷ. ಸಹಿಯ ಹಾಳೆಯನ್ನು ಅವನ ಕಡೆ ತಳ್ಳಿ ಪೆನ್ನಿನ ಮುಚ್ಚಳ ತೆಗೆದು ಇಟ್ಟಳು. ಹಾಕುವುದು ನಿಮ್ಮಿಂದ ಆಗದಿದ್ದರೆ ಬೇಡ, ನಾನೇ ಹಾಕುತ್ತೇನೆ. ಸಹಿ ಮಾಡಿ, ಪುಸ್ತಕವನ್ನು ಮೇಜಿನ ಮೇಲಿಟ್ಟು, ಎದ್ದುಹೋಗಿ ಎಂದಳು.

‘ಇಲ್ಲ ಮೇಡಂ,’ ಅಂದ. ‘ಸಹಿ ಮಾಡಲ್ಲ. ಪುಸ್ತಕ ಕೊಡಲ್ಲ.’